ಇಲ್ಲ ಅನ್ನದ ಊರಿನಲ್ಲಿ ಒಂದು ಅಂಗಡಿ

ದೂರದ ಕಡಲ ದ್ವೀಪವೊಂದರ ವುನಿಮೋಲಿ ಅನ್ನುವ ಊರಿನಲ್ಲಿ ಬಸ್ಸು ನಿಲ್ಲುವ ಕಡೆ ನೀಲಿ ಬಾಗಿಲಿನ ಒಂದು ತಗಡಿನ ಶೆಡ್ ಇದೆ. ಒಂದು ಕಾಲದಲ್ಲಿ ಅದು ಲೋಸಾಳ ಅಮ್ಮ ಮಾಕೆರೆತಾಳ ಅಂಗಡಿ. ಅಂಗಡಿ ಯಾಕೆ ಮುಚ್ಚಿತು ಅಂತ ಯಾರನ್ನಾದರೂ ಕೇಳಿ ನೋಡಿ, ಮಾಕೆರೆತಾ ಒಳ್ಳೆಯ ಹೆಂಗಸು, ಪಾಪ, ವ್ಯಾಪಾರ ಮಾತ್ರ ಗೊತ್ತಿಲ್ಲ ಅಂತ ನಯವಾಗಿ ಹೇಳುತ್ತಾರೆ. ಹಾಗೆ ಹೇಳುವವರ ಕಿಟಕಿಯ ಮೇಲೆ ಅದೇ ಅಂಗಡಿಯ ಖಾಲಿ ಮೀನಿನ ಡಬ್ಬಗಳಲ್ಲಿ ಹೂವಿನ ಗಿಡ ನಳನಳಿಸುತ್ತಿರುತ್ತದೆ.

ಆ ಊರಿನಲ್ಲಿ ನೆಂಟರು ಬಂದು ‘ಕೆರೆಕೆರೆ’ ಅಂತ ಏನನ್ನಾದರೂ ಕೇಳಿದರೆ ಇಲ್ಲ ಅನ್ನುವಂತಿಲ್ಲ. ಇವತ್ತು ನಾನು ಕೇಳಿದೆ, ನಾಳೆ ನೀನು ಕೇಳು, ಅಷ್ಟೇ ಲೆಕ್ಕ. ಊರು ತುಂಬಾ ನೆಂಟರೇ. ಮಾಕೆರೆತಾಳ ಸಕ್ಕರೆ, ಸೋಪು, ಮೀನಿನ ಡಬ್ಬ ಎಲ್ಲವೂ ಕೆರೆಕೆರೆಯ ಮೇಲೆ ತೇಲಿಕೊಂಡು ಹೋದವು. ಕೊನೆಗೆ ಒಬ್ಬ ಚಿಕ್ಕಪ್ಪ ತಕ್ಕಡಿಯನ್ನೂ ಕೇಳಿಕೊಂಡು ಹೋದ.

ಲಂಬಾಸಾ ಪೇಟೆಯಲ್ಲಿ ಓದು ಮುಗಿಸಿ ಬಂದ ಲೋಸಾಗೆ ಆ ಶೆಡ್ಡೇ ಬೇಕಿತ್ತು. ಬೇರೆ ಜಾಗವಾದರೆ ಬೇಡ. ಅಮ್ಮನಿಗೆ ಬುದ್ಧಿ ಸಾಲದು ಅಂದವರ ಕಣ್ಣೆದುರಿಗೇ ಅದೇ ನೀಲಿ ಬಾಗಿಲು ತೆರೆಯಬೇಕು ಅಂತ ಅವಳ ಹಟ. ಆದರೆ ಅದರ ಮೇಲೆ ಇನ್ನೊಬ್ಬರ ಕಣ್ಣೂ ಇತ್ತು. ಅವಳ ದೊಡ್ಡಪ್ಪ ಆಪಿಸಾಯಿ, ಊರಿನ ಮುಖ್ಯಸ್ಥ.

“ಖಾಲಿ ಬಿದ್ದಿದೆಯಲ್ಲಮ್ಮ,” ಅಂದ ದೊಡ್ಡಪ್ಪ. “ಮಳೆ ಬಂದ್ರೆ ಗಂಡಸರಿಗೆ ಕೂತು ಯಂಗೋನ ಕುಡಿಯೋಕೆ ಒಂದು ಸೂರಿಲ್ಲ. ಮುಂದಿನ ಊರ ಸಭೆ ತನಕ ನೋಡ್ತೀನಿ. ಅಷ್ಟರೊಳಗೆ ಏನಾದ್ರೂ ನಡೆಸಿ ತೋರಿಸು. ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡ.”

“ನಡೆಸಿ ತೋರಿಸ್ತೀನಿ,” ಅಂದಳು ಲೋಸಾ. ಏನು ನಡೆಸುವುದು ಅಂತ ಆ ಹೊತ್ತಿಗೆ ಅವಳಿಗೇ ಗೊತ್ತಿರಲಿಲ್ಲ.

ಮೊದಲು ಹೊಳೆದದ್ದು ಬ್ರೆಡ್ಡು. ಊರಿಗೆ ಬ್ರೆಡ್ಡು ಬರುವುದು ಬಸ್ಸಿನಲ್ಲಿ, ಅದೂ ಯಾರದೋ ತೊಡೆಯ ಕೆಳಗೆ ಅಪ್ಪಚ್ಚಿಯಾಗಿ. ಲೋಸಾ ಮನೆಮನೆಗೂ ಹೋಗಿ ಕೇಳಿದಳು. ನಾನು ಬನ್ ಮಾಡಿದರೆ ಕೊಳ್ಳುತ್ತೀರಾ? ಎಲ್ಲರೂ ಹೂಂ ಅಂದರು. ಎಷ್ಟು ಒಳ್ಳೆಯ ವಿಚಾರ ಮಗಳೇ, ಅಂದರು. ಒಬ್ಬ ಅತ್ತೆಯಂತೂ ಕಣ್ಣೊರೆಸಿಕೊಂಡಳು. ಲೋಸಾ ಹಿಟ್ಟು ತಂದು, ತೆಂಗಿನ ಹಾಲಿನಲ್ಲಿ ಬನ್ ಬೇಯಿಸಿ, ನೀಲಿ ಬಾಗಿಲು ತೆರೆದು ಕೂತಳು.

ಬೆಳಗಿನ ತಿಂಡಿಯ ಹೊತ್ತಿಗೆಲ್ಲ ತಟ್ಟೆ ಖಾಲಿ. ದುಡ್ಡಿನ ಪೆಟ್ಟಿಗೆಯೂ ಖಾಲಿ.

“ನಿನ್ನ ಬೇಕರಿ ಸಖತ್ತಾಗಿ ನಡೀತಾ ಇದೆ ಕಣೇ,” ಅಂತ ಬಾಗಿಲಿಗೆ ಒರಗಿ ನಿಂತ ಇಸಿಕೇಲಿ. ಅವಳ ಸೋದರತ್ತೆ ಮಗ. ಅಲ್ಲೂ ಅತ್ತೆ ಮಗನಿಗೆ ಕೀಟಲೆ ಮಾಡುವುದು ಹುಟ್ಟಿನಿಂದ ಬಂದ ಹಕ್ಕು. “ನಾನೊಬ್ಬನೇ ನಾಲ್ಕು ತಿಂದೆ.”

“ದುಡ್ಡೆಲ್ಲಿ?”

“ಅತ್ತೆ ಮಗನ ಹತ್ರ ದುಡ್ಡು ಕೇಳ್ತೀಯಾ? ನಾಳೆ ನಾನೇ ನಿನ್ನ ಕಟ್ಕೋಬೇಕಾಗಿ ಬಂದ್ರೆ?”

“ಅಂಥಾ ದಿನ ಬಂದ್ರೆ ಆ ಒಲೆ ಒಳಗೆ ನಾನೇ ಹೋಗಿ ಕೂತ್ಕೋತೀನಿ, ಬಿಡು.”

ಅವನು ನಗುತ್ತಾ ಹೋದ. ಲೋಸಾ ಮೆಟ್ಟಿಲ ಮೇಲೆ ಕೂತು ಯೋಚಿಸಿದಳು. ತಪ್ಪು ಬನ್ನಿನದಲ್ಲ. ಊರಿನವರ ಹೂಂ ಅನ್ನು ನಂಬಿದ್ದೇ ತಪ್ಪು. ಇವರು ವಸ್ತು ಕೇಳಿದರೂ ಇಲ್ಲ ಅನ್ನುವುದಿಲ್ಲ, ಅಭಿಪ್ರಾಯ ಕೇಳಿದರೂ ಇಲ್ಲ ಅನ್ನುವುದಿಲ್ಲ. ಎದುರಿಗೆ ನಿಂತ ಹುಡುಗಿಯ ಮುಖ ಬಾಡಿಸುವುದು ಅವರ ಪಾಲಿಗೆ ದೊಡ್ಡ ಒರಟುತನ. ನಾಳೆ ಹೋಗಿ ಚಂದ್ರನ ಮೇಲೆ ಅಂಗಡಿ ಹಾಕುತ್ತೇನೆ ಅಂದರೂ, ಗಾಳಿ ಚೆನ್ನಾಗಿರುತ್ತೆ ಮಗಳೇ ಅನ್ನುತ್ತಾರೆ.

ಬೇರೆ ಏನು ಮಾಡಬಹುದು? ಕೋಳಿ ಸಾಕಿದರೆ ಯಾರದಾದರೂ ತಿಥಿ ಬರುತ್ತದೆ, ಕೋಳಿ ಹೋಗುತ್ತದೆ. ಫ್ರೀಜರ್ ಇಟ್ಟರೆ ಊರಿನ ಮೀನೆಲ್ಲ ಅದರೊಳಗೆ ಮಲಗುತ್ತದೆ. ಹೊಲಿಗೆ ಯಂತ್ರ ತಂದರೆ ಚರ್ಚಿನ ಹಾಡುಗಾರರ ಅಷ್ಟೂ ಬಟ್ಟೆ ಅವಳೇ ಹೊಲಿಯಬೇಕು. ಯಾವ ಯೋಚನೆಯ ಬಾಗಿಲು ತೆರೆದರೂ ಅದರ ಹಿಂದೆ ಒಬ್ಬ ಚಿಕ್ಕಪ್ಪ ಕೈ ಚಾಚಿಕೊಂಡು ನಿಂತಿರುತ್ತಿದ್ದ.

ಆ ವಾರ ಅವಳು ಅಪ್ಪ ಬಿಟ್ಟುಹೋದ ಗುಡ್ಡದ ತೋಟದಿಂದ ಒಂದು ಕಟ್ಟು ಯಂಗೋನ ಬೇರು ಹೊತ್ತು ಲಂಬಾಸಾದ ಸಂತೆಗೆ ಹೋದಳು. ಒಣಗಿದ ಆ ಬೇರನ್ನು ಕುಟ್ಟಿ ಪುಡಿ ಮಾಡಿ, ನೀರಿನಲ್ಲಿ ಕಿವುಚಿ ಸೋಸಿದರೆ ಗಂಡಸರ ಸಂಜೆ ತಯಾರು. ಬೇರು ಎಲ್ಲರ ತೋಟದಲ್ಲೂ ಇದೆ. ಲಾರಿಯವನು ಬಂದು ಅವನು ಹೇಳಿದ ಬೆಲೆಗೆ ಒಯ್ಯುತ್ತಾನೆ.

ಸಂತೆಯಲ್ಲಿ ಪುಡಿ ಮಾರುವ ಫೂಲ್ಮತಿ ಬೇರನ್ನು ಒಂದು ಸಲ ಮೂಸಿ ಪಕ್ಕಕ್ಕೆ ತಳ್ಳಿದಳು.

“ಬೇರು ಬೇಡ ನಂಗೆ. ಗಿರಾಕಿ ಕೇಳೋದು ಪುಡಿ. ಸಿಗೋ ಪುಡೀಲಿ ಅರ್ಧ ಕಾಂಡದ ಸಿಪ್ಪೆ, ಅರ್ಧ ಮೈದಾಹಿಟ್ಟು. ಮಾಡ್ದೋನು ಎಲ್ಲೋ ಇರ್ತಾನೆ, ಬೈಸ್ಕೊಳ್ಳೋಳು ನಾನು.”

“ಅಕ್ಕಾ, ನಾನು ಚೊಕ್ಕ ಪುಡಿ ತಂದ್ರೆ ತಗೋತೀರಾ?”

“ತಗೋತೀನಿ ಅಂತ ಬಾಯಲ್ಲಿ ಹೇಳಿದ್ರೆ ಏನು ಬಂತು ಹುಡುಗಿ? ತಗೊಂಡು ಬಾ. ಚೆನ್ನಾಗಿಲ್ಲ ಅಂದ್ರೆ ಹಂಗೇ ಹೊತ್ಕೊಂಡು ವಾಪಸ್ ಹೋಗು. ಅಳಬಾರದು ಅಷ್ಟೆ.”

ಲೋಸಾಗೆ ಆ ಹೆಂಗಸನ್ನು ಅಪ್ಪಿಕೊಳ್ಳಬೇಕು ಅನ್ನಿಸಿತು. ಇಲ್ಲ ಅನ್ನಲು ಬರುವ ಒಬ್ಬಳು ಕೊನೆಗೂ ಸಿಕ್ಕಿದ್ದಳು. ಇವಳ ಹೂಂಗೆ ಬೆಲೆ ಇದೆ.

ಮರುದಿನ ಊರ ನಡುವಿನ ಹಲಸಿನಂಥ ದೀವಿ ಮರದ ಕೆಳಗೆ ಟಂಗ್ ಟಂಗ್ ಅಂತ ಕಬ್ಬಿಣದ ಒರಳು ಮಾತಾಡಿತು. ಅದೇನೂ ಹೊಸ ಸದ್ದಲ್ಲ. ಕುಟ್ಟುತ್ತಿದ್ದವಳು ಲೋಸಾ ಅನ್ನುವುದು ಹೊಸತು. ಯಂಗೋನ ಕುಟ್ಟುವುದು ಗಂಡಸರ ಕೆಲಸ. ದೊಡ್ಡಪ್ಪ ಬಂದು ಸ್ವಲ್ಪ ಹೊತ್ತು ಕೆಮ್ಮಿದ.

“ಹೆಣ್ಣುಮಕ್ಕಳು ಕುಟ್ಟೋದಲ್ಲಮ್ಮ ಅದು.”

“ಒರಳಿಗೆ ಗೊತ್ತಾಗಲ್ಲ ಬಿಡಿ ದೊಡ್ಡಪ್ಪ. ನೀವು ಹೇಳಿದ್ರೆ ಮಾತ್ರ ಗೊತ್ತಾಗುತ್ತೆ.”

ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಮತ್ತೆ ಎದ್ದವು. ಕಾಂಡದ ಒಂದು ಚೂರೂ ಬೀಳದ ಹಾಗೆ ಆರಿಸಿ ಕುಟ್ಟಿದ ಪುಡಿಯನ್ನು ಅವಳು ಸಂತೆಗೆ ಒಯ್ದಳು. ಫೂಲ್ಮತಿ ಚಿಟಿಕೆ ಬಾಯಿಗೆ ಹಾಕಿಕೊಂಡಳು. ಹೊಗಳಲಿಲ್ಲ. ಪೊಟ್ಟಣ ಕಟ್ಟಿ ಮುಂದಿಟ್ಟಳು. ಲೋಸಾ ಊಟ ಮುಗಿಸಿ ಬರುವಷ್ಟರಲ್ಲಿ ಪೊಟ್ಟಣಗಳಿರಲಿಲ್ಲ.

“ಇನ್ನೂ ಇದೆಯಾ?” ಅಂದಳು ಫೂಲ್ಮತಿ.

ಊರೆಲ್ಲ ಸೇರಿ ಹಾಡಿದ ಹೊಗಳಿಕೆಗಿಂತ ಆ ಎರಡು ಮಾತು ದೊಡ್ಡದು ಅಂತ ಲೋಸಾಗೆ ಅರ್ಥವಾಯಿತು. ಆದರೆ ಇನ್ನೂ ಇರಲಿಲ್ಲ. ಕೈಯಲ್ಲಿ ಕುಟ್ಟಿದರೆ ಸಾಕಾಗುವುದಿಲ್ಲ, ಅಪ್ಪನ ತೋಟದ ಬೇರೂ ಸಾಲದು. ಫೂಲ್ಮತಿ ಅವಳ ಅಂಗೈ ನೋಡಿ ಮುಖ ಸಿಂಡರಿಸಿದಳು. ಅವಳ ಗಂಡ ಬದುಕಿದ್ದಾಗ ಮೆಣಸಿನಕಾಯಿ ಪುಡಿ ಮಾಡುತ್ತಿದ್ದ ಡೀಸೆಲ್ ಯಂತ್ರವೊಂದು ಮನೆಯ ಹಿಂದೆ ತುಕ್ಕು ಹಿಡಿಯುತ್ತಿತ್ತು.

“ಒಯ್ದು ನಡೆಸು. ಪುಡಿ ಮಾತ್ರ ನಂಗೊಬ್ಬಳಿಗೇ.”

“ಬೇರೆಯವರು ಕೊಡೋ ಬೆಲೆ ನೀವೂ ಕೊಡೋ ತನಕ ನಿಮಗೊಬ್ಬರಿಗೇ ಅಕ್ಕಾ.”

ಫೂಲ್ಮತಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ಅಳೋ ಪೈಕಿ ಅಲ್ಲ ನೀನು,” ಅಂದಳು.

ಯಂತ್ರ ಬಸ್ಸಿನ ಹಿಂದುಗಡೆ ಕೂತು ಊರಿಗೆ ಬಂತು. ಶೆಡ್ಡಿನಲ್ಲಿ ಇಳಿಸಿದಾಗ ಅಮ್ಮ ಬಂದು ಅದನ್ನು ಮುಟ್ಟಿ ನೋಡಿದಳು.

“ಕೇಳ್ತಾರೆ ಲೋಸಾ,” ಅಂದಳು. “ನಂದೊಂದಿಷ್ಟು ಪುಡಿ ಮಾಡ್ಕೊಡು ಅಂತ ಊರೆಲ್ಲ ಬರುತ್ತೆ. ಕೊಡಲ್ಲ ಅನ್ನೋಕಾಗಲ್ಲ.”

“ಗೊತ್ತಮ್ಮ. ಅಮ್ಮ, ನೀನು ಅಂಗಡಿ ಇಟ್ಟಿದ್ದಾಗ ಯಾವತ್ತಾದ್ರೂ ನೀನೂ ಅವರ ಹತ್ರ ಕೆರೆಕೆರೆ ಕೇಳಿದ್ಯಾ?”

ಮಾಕೆರೆತಾ ಮಗಳ ಮುಖ ನೋಡಿದಳು. “ಅಂಗಡಿ ತುಂಬಾ ಸಾಮಾನು ಇಟ್ಕೊಂಡೋಳು ಹೋಗಿ ಕೇಳಿದ್ರೆ ಏನಂದ್ಕೋತಾರೆ? ನಾಚಿಕೆ ಆಗ್ತಿತ್ತು.”

ಲೋಸಾ ಯಂತ್ರದ ಹಲ್ಲು ಒರೆಸುತ್ತಿದ್ದ ಬಟ್ಟೆ ಕೆಳಗಿಟ್ಟಳು. ಅಮ್ಮನಿಗೆ ಬುದ್ಧಿ ಸಾಲದೆ ಅಲ್ಲ, ನಾಚಿಕೆ ಹೆಚ್ಚಾಗಿ ಅಂಗಡಿ ಮುಚ್ಚಿತ್ತು. ನಾಚಿಕೆಯ ವಿಷಯದಲ್ಲಿ ಮಗಳು ಅಮ್ಮನ ಹಾಗಿರಲಿಲ್ಲ.

ಯಂತ್ರ ತೊಳೆದು, ಒಣ ಮರಗೆಣಸು ಹಾಕಿ ಓಡಿಸಿ, ಮೆಣಸಿನ ಘಾಟು ತೆಗೆಯಬೇಕು ಅಂತ ಅವಳು ಅಂದುಕೊಂಡಿದ್ದಳು. ಇಸಿಕೇಲಿಗೆ ಅಷ್ಟು ತಾಳ್ಮೆ ಎಲ್ಲಿ? ಅವಳು ನೀರು ತರಲು ಹೋದಾಗ ಸ್ವಂತ ಬೇರನ್ನೇ ಸುರಿದು ಓಡಿಸಿಬಿಟ್ಟ. ಸಂಜೆ ಗಂಡಸರೆಲ್ಲ ಸುತ್ತ ಕೂತು, ಆ ಪುಡಿ ಕಲಸಿ, ಮೊದಲ ತೆಂಗಿನ ಚಿಪ್ಪು ಎತ್ತಿದರು. ಎಲ್ಲರ ಕಣ್ಣಲ್ಲಿ ನೀರು ಸುರಿಯಿತು. ದೊಡ್ಡಪ್ಪ ಗಂಟಲು ಹಿಡಿದುಕೊಂಡು, “ತುಂಬಾ... ಚೆನ್ನಾಗಿದೆ,” ಅಂದ. ಊರಿನವರು ಬಾಯಿ ಉರಿದರೂ ಇಲ್ಲ ಅನ್ನುವುದಿಲ್ಲ ಅನ್ನುವುದಕ್ಕೆ ಲೋಸಾಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಅವಳು ಹೊರಗೆ ಹೋಗಿ ಗೋಡೆಗೆ ತಲೆ ಕೊಟ್ಟು ಹೊಟ್ಟೆ ಹುಣ್ಣಾಗುವಷ್ಟು ನಕ್ಕು ಬಂದಳು.

ಊರ ಸಭೆ ಸೋಮವಾರ. ಗಂಡಸರು ಮೇಲುಗಡೆ ಚಾಪೆಯ ಮೇಲೆ, ಹೆಂಗಸರು ಬಾಗಿಲ ಹತ್ತಿರ. ಸಭೆಯಲ್ಲಿ ಹೆಂಗಸರಿಗೆ ಬಾಯಿ ಇಲ್ಲ ಅಂತ ಯಾರೂ ಹೇಳಿಲ್ಲ, ಆದರೆ ಯಾರೂ ಕೇಳಿಯೂ ಇಲ್ಲ. ಚರಂಡಿಯ ಮಾತು, ಚರ್ಚಿನ ಸುಣ್ಣದ ಮಾತು ಮುಗಿದ ಮೇಲೆ ದೊಡ್ಡಪ್ಪ ದನಿ ಬದಲಿಸಿದ.

“ಲೋಸಾ ಯಂತ್ರ ತಂದಿದ್ದಾಳೆ. ಸಂತೋಷ. ಆದ್ರೆ ಅದು ಇನ್ನೂ ಅಂಗಡಿ ಆಗಿಲ್ಲ. ಹಿಂದಿನ ಸಲ ಏನಾಯ್ತು ಅಂತ ಎಲ್ಲರಿಗೂ ಗೊತ್ತು. ಯಾರ ಮನಸ್ಸೂ ನೋಯೋದು ಬೇಡ. ಅದಕ್ಕೆ ನಾನು ಮಾಕೆರೆತಾ ಹತ್ರ ಎಲ್ಲರ ಎದುರಿಗೆ ಕೇಳ್ತಿದ್ದೀನಿ. ಗಂಡಸರ ಪರವಾಗಿ ಆ ಶೆಡ್ಡು ಕೊಡಮ್ಮ. ಕೆರೆಕೆರೆ.”

ಇಷ್ಟು ಜನರ ಎದುರಿಗೆ ಬಿದ್ದ ಮಾತಿಗೆ ಉತ್ತರ ಒಂದೇ. ಮಾಕೆರೆತಾ ತಲೆ ತಗ್ಗಿಸಿದಳು. ಸಕ್ಕರೆ ಹೋದಾಗಲೂ, ತಕ್ಕಡಿ ಹೋದಾಗಲೂ ಅವಳು ಹೀಗೇ ತಲೆ ತಗ್ಗಿಸಿದ್ದಳು.

“ತಗೊಳ್ಳಿ ದೊಡ್ಡಪ್ಪ,” ಅಂತ ಬಾಗಿಲ ಹತ್ತಿರದಿಂದ ದನಿ ಬಂತು.

ಲೋಸಾ ಮಂಡಿಯೂರಿ ಮುಂದೆ ಬಂದಿದ್ದಳು. ಮರ್ಯಾದೆಗೆ ಕಮ್ಮಿ ಇಲ್ಲದ ಹಾಗೆ ತಲೆ ಬಗ್ಗಿಸಿದ್ದಳು, ದನಿ ಮಾತ್ರ ಬಗ್ಗಿರಲಿಲ್ಲ.

“ಮಳೆ ಬಂದ್ರೂ ಬಿಸಿಲು ಬಂದ್ರೂ ಬಂದು ಕೂತ್ಕೊಳ್ಳಿ. ಅಮ್ಮ ಇಲ್ಲ ಅನ್ನಲ್ಲ. ಯಂತ್ರ ಒಂದು ಮೂಲೇಲಿ ಇರುತ್ತೆ. ನಿಮ್ಮ ಬೇರು ಪುಡಿ ಮಾಡ್ಕೊಡು ಅಂದ್ರೆ ಅದಕ್ಕೂ ಇಲ್ಲ ಅನ್ನಲ್ಲ. ಒಂದು ಕಾಸೂ ಬೇಡ.”

ಗಂಡಸರು ತಲೆ ಆಡಿಸಿದರು. ಇಸಿಕೇಲಿ ಅನುಮಾನದಿಂದ ಕಣ್ಣು ಕಿರಿದು ಮಾಡಿದ. ಅತ್ತೆ ಮಗನಿಗಿಂತ ಚೆನ್ನಾಗಿ ಅವಳನ್ನು ಬಲ್ಲವರು ಅಲ್ಲಿ ಯಾರಿದ್ದರು?

“ಈಗ ನಾನು ಕೇಳ್ತೀನಿ,” ಅಂದಳು ಲೋಸಾ. “ನಮ್ಮ ಅಂಗಡಿಯಿಂದ ಹೋದ ಮೀನು, ಸಕ್ಕರೆ, ತಕ್ಕಡಿ, ನನ್ನ ಬನ್ನು, ಅದ್ಯಾವುದನ್ನೂ ಕೇಳಲ್ಲ. ಆ ಯಂತ್ರದೊಳಗೆ ಯಾರ ಚೀಲ ಹೋದ್ರೂ, ಚೀಲಕ್ಕೆ ಒಂದು ಚಿಪ್ಪು ಪುಡಿ ನಂಗೆ ಕೊಡಿ. ಇವತ್ತಲ್ಲ, ಯಂತ್ರ ಓಡೋ ತನಕ. ದೊಡ್ಡಪ್ಪ, ನಿಮ್ಮ ಹತ್ರ ಮೊದಲು ಕೇಳ್ತೀನಿ. ಆಮೇಲೆ ಚಿಕ್ಕಪ್ಪಂದಿರ ಹತ್ರ, ಮಾವಂದಿರ ಹತ್ರ, ಒಬ್ಬೊಬ್ಬರ ಹೆಸರು ಹಿಡಿದು ಕೇಳ್ತೀನಿ. ಕೆರೆಕೆರೆ.”

ಯಾರೋ ಕೆಮ್ಮಿದರು. ದೊಡ್ಡಪ್ಪ ಚಾಪೆಯ ಮೇಲೆ ಸರಿದು ಕೂತ. “ಅದು... ಅಂಗಡಿ ನಡೆಸೋರು ಹಂಗೆಲ್ಲ ಕೇಳೋದು...”

“ಅಂಗಡಿ ಇನ್ನೂ ಆಗಿಲ್ಲ ಅಂತ ಈಗ ತಾನೇ ಹೇಳಿದ್ರಲ್ಲ ದೊಡ್ಡಪ್ಪ. ನಾನು ನಿಮ್ಮ ಮಗಳು. ಮಗಳು ಕೇಳ್ತಿದ್ದೀನಿ. ಆಗಲ್ಲ ಅಂದ್ರೆ ಎಲ್ಲರ ಎದುರಿಗೆ ಹೇಳಿ. ಇಲ್ಲ ಅನ್ನಬಹುದು ಅಂತ ಗೊತ್ತಾದ್ರೆ ನಮ್ಮಮ್ಮನಿಗೂ ಅನುಕೂಲ ಆಗುತ್ತೆ.”

ಆಗ ಬಾಗಿಲ ಹತ್ತಿರ ಅಂಗೈ ಗುಳಿ ಮಾಡಿ ತಟ್ಟಿದ ಗಟ್ಟಿ ಸದ್ದು ಕೇಳಿತು. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಅಲ್ಲಿ ಮುದ್ರೆ ಒತ್ತುವುದು ಆ ಚಪ್ಪಾಳೆಯೇ. ತಟ್ಟಿದವಳು ಮಾಕೆರೆತಾ. ತಲೆ ಎತ್ತಿ, ನೆಟ್ಟಗೆ ಭಾವ ಮೈದುನರ ಸಾಲನ್ನೇ ನೋಡುತ್ತಾ ಮತ್ತೆ ತಟ್ಟಿದಳು. ಅವಳ ಪಕ್ಕದ ಅತ್ತೆ ಸೇರಿಕೊಂಡಳು. ಹೆಂಗಸರ ಸಾಲು ಪೂರ್ತಿ ಸೇರಿತು. ಮೇಲುಗಡೆ ಮೊದಲು ತಟ್ಟಿದವನು ಇಸಿಕೇಲಿ, ನಗು ತಡೆಯಲಾಗದೆ. ಕೊನೆಗೆ ದೊಡ್ಡಪ್ಪನ ಕೈಗಳೂ ಮೇಲೆದ್ದವು.

ಬೆಳಿಗ್ಗೆ ಲೋಸಾ ನೀಲಿ ಬಾಗಿಲು ತೆರೆದಾಗ ದೊಡ್ಡಪ್ಪ ಆಗಲೇ ಚೀಲ ಹೊತ್ತು ನಿಂತಿದ್ದ. ಮನೆಯಲ್ಲಿ ಕುಟ್ಟುವವರ ಸೊಂಟ ನೋಯುತ್ತಿತ್ತಂತೆ.

“ಕಾಸಿಲ್ಲ ಅಲ್ವಾ?”

“ಇಲ್ಲ ದೊಡ್ಡಪ್ಪ.”

ತೊಳೆದು ಚೊಕ್ಕ ಮಾಡಿದ ಯಂತ್ರ ಗುಡುಗಿತು. ಪುಡಿ ಬಂತು. ಪಕ್ಕದಲ್ಲಿ ಫೂಲ್ಮತಿಗೆ ಒಯ್ಯಬೇಕಾದ ಚೀಲ ಖಾಲಿ ಬಾಯಿ ತೆರೆದು ಕಾದಿತ್ತು. ಲೋಸಾ ತೆಂಗಿನ ಚಿಪ್ಪನ್ನು ಅವನ ಮುಂದೆ ಹಿಡಿದಳು. ದೊಡ್ಡಪ್ಪ ಪುಡಿ ತುಂಬಿಸಿ, ಅಂಚಿನ ಮೇಲೆ ಬೆರಳಾಡಿಸಿ ಸಮ ಮಾಡಿದ.

ಲೋಸಾ ಕೈ ಹಿಂದಕ್ಕೆ ತೆಗೆಯಲಿಲ್ಲ.

“ಏನಮ್ಮ?”

“ನಮ್ಮಮ್ಮ ಸಕ್ಕರೆ ಕೊಡುವಾಗ ಬೆರಳಾಡಿಸ್ತಿರಲಿಲ್ಲ ದೊಡ್ಡಪ್ಪ,” ಅಂದಳು ಅವಳು. “ಗೋಪುರ ಬರಲಿ.”

ಹಿಂದೆ ಸಾಲಿನಲ್ಲಿ ಚೀಲಗಳು ಬಂದು ನಿಲ್ಲುತ್ತಿದ್ದವು. ದೊಡ್ಡಪ್ಪ ಅತ್ತ ಇತ್ತ ನೋಡಿ, ಇನ್ನೊಂದು ಹಿಡಿ ಹಾಕಿದ.