ಬಕಾರಿಯ ಬುರುಡೆಗಳು

ಗಿನಿ ದೇಶದ ಬಕಾರಿಗೆ ಬಾಲಫೋನ್ ವಾದ್ಯ ನುಡಿಸುವುದು ತಾತನಿಂದ ಬಂದ ವಿದ್ಯೆ. ಮರದ ಪಟ್ಟಿಗಳನ್ನು ಕೋಲಿನಿಂದ ಬಾರಿಸಿದರೆ ಕೆಳಗೆ ಕಟ್ಟಿದ ಸೋರೆಬುರುಡೆಗಳು ಗುಂಯ್‌ಗುಡುತ್ತವೆ. ಬುರುಡೆಯ ತೂತಿಗೆ ಜೇಡನ ಗೂಡಿನ ಬಿಳಿ ಪೊರೆ ಅಂಟಿಸಿದ್ದರೆ ಮಾತ್ರ ಆ ನಾದ. ಬೆಂಗಳೂರಿನ ಹೋಟೆಲುಗಳಲ್ಲಿ ಬೇರೆಯವರ ಹಾಡಿಗೆ ಪಕ್ಕವಾದ್ಯ ನುಡಿಸಿ ಸಾಕಾಗಿದ್ದವನಿಗೆ ಇವತ್ತು ಸಂಜೆ ಇಂದಿರಾನಗರದಲ್ಲಿ ಮೊದಲ ಸ್ವಂತ ಕಛೇರಿ.

ಹಲಸೂರಿನ ಮನೆ ಓನರ್ ಶಾಂತಕುಮಾರಿ ಬೆಳಿಗ್ಗೆ ಅಕ್ಕರೆಯಿಂದ ಬುರುಡೆಗಳನ್ನೆಲ್ಲ ಒರೆಸಿಟ್ಟಿದ್ದರು. ಧೂಳಿನ ಜೊತೆ ಪೊರೆಯೂ ಹೋಗಿತ್ತು. ಬಕಾರಿ ಬಾರಿಸಿದರೆ ಬರೀ ಟಕಟಕ.

“ಅಯ್ಯೋ, ಪ್ರೋಗ್ರಾಂ ಕ್ಯಾನ್ಸಲ್ ಮಾಡ್ತೀಯೇನಪ್ಪಾ?”

“ಇಲ್ಲ ಆಂಟಿ. ಜೇಡ ಹುಡುಕ್ಬೇಕು.”

“ನಿಮ್ಮನೇಲಿ ಜೇಡನ ಗೂಡಿದ್ಯಾ?” ಎಂದು ಮನೆಮನೆಗೂ ಹೋಗಿ ಕೇಳಿ ಶಾಂತಕುಮಾರಿ ಬೀದಿಯವರಿಂದೆಲ್ಲ ಬೈಸಿಕೊಂಡರು. ಕೊನೆಗೆ ಬಕಾರಿ ಅವರದೇ ಬೀರು ಸರಿಸಿದ. ಹಿಂದಿನ ಗೋಡೆಯ ತುಂಬ ಬಿಳಿ ಪೊರೆಗಳು! ಶಾಂತಕುಮಾರಿ ನಾಚಿ ಸೆರಗು ಬಾಯಿಗಿಟ್ಟುಕೊಂಡರು. ಅವನು ಒಂದೊಂದನ್ನೇ ಬಿಡಿಸಿ, ಅನ್ನದಗುಳು ಹಚ್ಚಿ ಅಂಟಿಸಿದ.

ಸಂಜೆ ಮೊದಲ ಪೆಟ್ಟಿಗೇ ಸೌಂಡ್ ಸಿಸ್ಟಂನವನು ಓಡಿಬಂದ.

“ನಿಲ್ಸಿ ನಿಲ್ಸಿ, ಮೈಕ್ ಗುಂಯ್ ಅಂತಿದೆ!”

ಬಕಾರಿ ನಿಲ್ಲಿಸಲಿಲ್ಲ. ಮುಂದಿನ ಸಾಲಿನಲ್ಲಿ ಶಾಂತಕುಮಾರಿ ಎದ್ದು ನಿಂತರು.

“ಮೈಕ್ ಸರಿಯಾಗೇ ಇದೆ, ಕೂತ್ಕೊಳ್ಳಪ್ಪ. ಅದು ನಮ್ಮನೆ ಜೇಡ!”