ಸೆಬೊಕಾನ ಎದೆ

ಪಾಲೆಸಾ ನೀಲಿ ಬಕೆಟ್ಟನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ಆಸ್ಪತ್ರೆಯ ಶವಾಗಾರದ ಬಾಗಿಲನ್ನು ಮೊಣಕೈಯಿಂದ ತಳ್ಳಿದಳು. ಒಳಗೆ ಹೆಂಗಸರು ಸೆಬೊಕಾನಿಗೆ ಅಂಗಿ ತೊಡಿಸುತ್ತಿದ್ದರು. ಒಂದು ತೋಳು ಒಳಹೋಗಿತ್ತು, ಇನ್ನೊಂದು ಬಗ್ಗುತ್ತಿರಲಿಲ್ಲ.

"ಬಂದ್ಲು ನೋಡು ಬಕೆಟ್ಟಮ್ಮ," ಎಂದಳು ಸತ್ತವನ ಅಕ್ಕ ಮಪುಲೆ, ತಿರುಗಿಯೂ ನೋಡದೆ. "ಬಚ್ಚಿಡಬೇಡ ತಾಯಿ. ಈ ಜಿಲ್ಲೇಲಿ ಪಾದ್ರಿಗಿಂತ ಹೆಚ್ಚು ಸಾವಿನ ಮನೆ ನೋಡಿರೋದು ನಿನ್ನ ಬಕೆಟ್ಟೇ."

"ಅಂಗಿ ಸ್ವಲ್ಪ ತಡೀರಿ ದೊಡ್ಡಮ್ಮ. ಮಮೋಸಾ ಅವ್ವನ ಹತ್ರ ಮಾತಾಡಬೇಕು," ಎಂದಳು ಪಾಲೆಸಾ, ಸತ್ತವನ ಹೆಂಡತಿಯತ್ತ ನೋಡಿ.

ಗಡಿಯಾಚೆಯ ಚಿನ್ನದ ಗಣಿಗಳಲ್ಲಿ ದುಡಿದು ಬಂದವರ ಕಾಯಿಲೆಗೆ ಸರ್ಕಾರದ ಪರಿಹಾರ ಉಂಟು ಎಂಬುದನ್ನು ಲೆಸೊಥೊದ ಗುಡ್ಡದ ಹಳ್ಳಿಗಳಿಗೆ ಮುಟ್ಟಿಸುವ ಕೆಲಸಕ್ಕೆ ಪಾಲೆಸಾ ಮುಖ್ಯಸ್ಥೆ. ಮುಖ್ಯಸ್ಥೆ ಎಂದರೆ ಒಂದು ಹಳೇ ಪಿಕಪ್ಪು, ಒಂದು ಧ್ವನಿವರ್ಧಕ, ಒಬ್ಬ ಸೆಬೊಕಾ. ಈಗ ಸೆಬೊಕಾನೂ ಇಲ್ಲ. ಬದುಕಿದ್ದವರಿಗೆ ಎಕ್ಸ್‌ರೇ ತೆಗೆಯುತ್ತಾರೆ. ಅದರಲ್ಲಿ ಗಣಿಯ ಧೂಳು ಕಾಣದಿದ್ದರೆ, ಸತ್ತ ಮೇಲೆ ಶ್ವಾಸಕೋಶವನ್ನೇ ತೆಗೆದು ಬಕೆಟ್ಟಿನಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಬೇಕು. ಹೆಣ ಮಣ್ಣಾದರೆ ಅರ್ಜಿಯೂ ಮಣ್ಣು. ಮಧ್ಯಾಹ್ನದೊಳಗೆ ಸೆಬೊಕಾ ಮಣ್ಣಾಗುವವನಿದ್ದ.

*

ಹಳ್ಳಿಯ ಮುಖ್ಯಸ್ಥನ ಅಂಗಳದಲ್ಲಿ ಸಭೆ ಸೇರಿದಾಗಲೆಲ್ಲ ಸೆಬೊಕಾ ಧ್ವನಿವರ್ಧಕವನ್ನು ಬಾಯಿಗಿಟ್ಟು ಮೊದಲು ಕೆಮ್ಮುತ್ತಿದ್ದ. ಕೆಮ್ಮು ಎದುರಿನ ಗುಡ್ಡಕ್ಕೆ ಬಡಿದು ವಾಪಸ್ ಬರುತ್ತಿತ್ತು.

"ಕೇಳಿಸ್ತಾ? ಇದು ನನ್ನ ಪಿಂಚಣಿ," ಎನ್ನುತ್ತಿದ್ದ. ಮುದುಕರೆಲ್ಲ ನಗುತ್ತ ತಾವೂ ಕೆಮ್ಮುತ್ತಿದ್ದರು.

ಅವನೂ ಗಣಿಯಲ್ಲಿ ದುಡಿದು ಬಂದವನೇ, ಅವನ ಅರ್ಜಿ ಮಾತ್ರ ತಿರಸ್ಕಾರವಾಗಿತ್ತು. ಅದು ಹಳೇ ಕ್ಷಯ, ಗಣಿಯದಲ್ಲ ಎಂದಿದ್ದರು. ಕುಡಿದೂ ಕುಡಿದೂ ತಂದುಕೊಂಡ ರೋಗ ಎಂದು ಊರು ಆಡಿಕೊಂಡಿತು. ಆ ಮಾತು ಅವನನ್ನು ಒಳಗೇ ತಿನ್ನುತ್ತಿತ್ತು. "ದುಡ್ಡು ಹಾಳಾಗ್ಲಿ ಮಗಳೇ," ಎಂದಿದ್ದ ಒಮ್ಮೆ ಪಿಕಪ್ಪಿನಲ್ಲಿ. "ಅದು ಗಣಿ ಧೂಳು ಅಂತ ಒಬ್ರಾದ್ರೂ ಹೇಳ್ಬೇಕು. ಮಮೋಸಾ ಕಿವಿಗೆ ಬೀಳ್ಬೇಕು."

ಗಂಡನ ಎದೆ ಬಗೆಯಲು ಯಾವ ವಿಧವೆ ಒಪ್ಪುತ್ತಾಳೆ? ಸೆಬೊಕಾ ಒಪ್ಪಿಸುತ್ತಿದ್ದ. ಹೇಗೆ ಎಂದು ಪಾಲೆಸಾ ಕೇಳಿರಲಿಲ್ಲ, ಒಳಮನೆಯ ಮಾತು ಹಿರಿಯರಿಗೆ ಬಿಟ್ಟದ್ದು. ಕಳೆದ ಚಳಿಗಾಲ ಒಂದು ಮನೆಯ ಸೂರಿನಡಿ ಒಣಮಣ್ಣು ಮೆತ್ತಿದ ಸಲಿಕೆ ಕಂಡಿತು. ಗೋರಿ ಮುಚ್ಚಿ ಬಂದವರು ಕತ್ತಾಳೆ ಹೋಳು ಹಾಕಿದ ನೀರಿನಲ್ಲಿ ಕೈಯನ್ನೂ ಸಲಿಕೆಯನ್ನೂ ತೊಳೆಯಲೇಬೇಕು, ಇಲ್ಲದಿದ್ದರೆ ಸಾವು ಮನೆಯೊಳಗೇ ಕೂರುತ್ತದೆ. ಇದನ್ನೇಕೆ ತೊಳೆದಿಲ್ಲ ಎಂದು ಕೇಳಿದಳು.

"ಕೆಲಸ ಇನ್ನೂ ಮುಗಿದಿಲ್ವಲ್ಲ," ಎಂದಳು ಆ ಮನೆಯ ವಿಧವೆ. "ಅವರ ಎದೆ ಬರಬೇಕು. ಬರುತ್ತೆ ಅಂತ ಸೆಬೊಕಾ ಹೇಳಿದಾನೆ. ಪಕ್ಕದಲ್ಲೇ ಕುಳಿ ತೆಗೆದಿಟ್ಟಿದೀವಿ."

ಪ್ರಯೋಗಾಲಯದಿಂದ ಏನೂ ವಾಪಸ್ ಬರುವುದಿಲ್ಲ. ಅದನ್ನು ಸೆಬೊಕಾನಿಗೆ ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. ಸತ್ತವರದ್ದು ತೆಗೆದುಕೊಂಡವರು ತಂದುಕೊಡದೆ ಇರುತ್ತಾರೆಂದು ಯಾರಿಗೆ ತಾನೇ ಹೊಳೆಯಬೇಕು? ಪಾಲೆಸಾಳೇ ಅವನಿಗೆ ಹೇಳಿದಳು.

"ನನ್ನ ಬಾಯಿಂದ ಹೋದ ಮಾತು," ಎಂದ. "ನಾನೇ ಮನೆ ಮನೆಗೆ ಹೋಗಿ ಹೇಳ್ತೀನಿ. ನೀನು ಬಾಯಿ ಬಿಡಬೇಡ."

ಆ ವಾರವೇ ಹಾಸಿಗೆ ಹಿಡಿದ. ಮತ್ತೆ ಏಳಲಿಲ್ಲ.

*

ಮಮೋಸಾ ಗೋಡೆಬದಿ ಕಂಬಳಿ ಹೊದ್ದು ಕೂತಿದ್ದಳು. ಪಾಲೆಸಾ ಅವಳೆದುರು ನೆಲದಲ್ಲಿ ಕೂತು, ಮೊದಲು ಸಮಾಧಾನದ ಮಾತಾಡಿ, ಆಮೇಲೆ ಕೇಳಿದಳು.

"ಇಪ್ಪತ್ತು ವರ್ಷ ಅವನ ಎದೇನ ಆ ಗಣಿಗೇ ಕೊಟ್ಟಿದ್ವಿ," ಎಂದಳು ಮಪುಲೆ. "ಸತ್ತ ಮೇಲಾದ್ರೂ ನಮಗಿರಲಿ ಬಿಡೇ."

"ಸುಮ್ನಿರು ಅತ್ತಿಗೆ. ಅವರು ಎಷ್ಟು ಮನೇಲಿ ಕೇಳಿದಾರೆ. ಅವರ ಹೆಂಡ್ತಿ ಬಾಗಿಲು ಹಾಕ್ಕೊಂಡ್ರೆ ನಾಳೆ ಊರವರು ಏನಂತಾರೆ?" ಮಮೋಸಾ ಹೆಬ್ಬೆರಳು ಮುಂದೆ ಮಾಡಿದಳು. "ಎಲ್ಲಿ ಒತ್ತಬೇಕು?"

ಕಾಗದ ಪಾಲೆಸಾಳ ಮಡಿಲಲ್ಲೇ ಇತ್ತು. ಒತ್ತಿಸಿಕೊಂಡು ಎದ್ದಿದ್ದರೆ ಮುಗಿಯುತ್ತಿತ್ತು. ಬಾಯಿಗೆ ಬಿದ್ದ ಬಿಸಿತುಪ್ಪ, ಉಗುಳಲೂ ಆಗದು, ನುಂಗಲೂ ಆಗದು. ಕೊನೆಗೆ ಉಗುಳಿದಳು.

"ಅವ್ವ, ಅದು ವಾಪಸ್ ಬರಲ್ಲ."

"ಯಾವುದು?"

"ಎದೆ. ಅಲ್ಲೇ ಇಟ್ಕೋತಾರೆ. ಯಾರದೂ ಬಂದಿಲ್ಲ, ಬರೋದೂ ಇಲ್ಲ."

ಮಮೋಸಾ ಅವಳನ್ನು ದಿಟ್ಟಿಸಿದಳು. ನಕ್ಕಳೇನೋ ಅನ್ನಿಸಿತು. ಮಗು ತಪ್ಪು ಹೇಳಿದಾಗ ಅಜ್ಜಿಯರು ನಗುವಂಥ ನಗು.

"ನೀನು ಆಫೀಸಿನವಳು, ಚಿಕ್ಕವಳು. ನಿನಗೆ ಗೊತ್ತಿರಲ್ಲ. ಬರುತ್ತೆ ಅಂದಿದಾರೆ ಅವರು. ಕುಡೀತಿದ್ರು, ನಿಜ. ಸುಳ್ಳು ಮಾತ್ರ ಹೇಳ್ತಿರಲಿಲ್ಲ."

"ಅವರಿಗೂ ಗೊತ್ತಿರಲಿಲ್ಲ ಅವ್ವ. ನಾನೇ ಹೇಳಿದ್ದು, ಆಮೇಲೆ..."

"ಎದುರಿಗೆ ಮಲಗಿದಾರೆ," ಎಂದಳು ಮಮೋಸಾ ಮೆಲ್ಲಗೆ. "ಅವರಿಗೆ ಕೇಳಿಸೋ ಹಾಗೆ ಅವರನ್ನ ಸುಳ್ಳ ಮಾಡಬೇಡ ಮಗಳೇ."

ಪಾಲೆಸಾಳಿಗೆ ಅಳು ಬಂತು. ದುಃಖದ್ದೆಂದುಕೊಂಡು ಮಮೋಸಾ ಅವಳ ತಲೆ ಸವರಿದಳು, ಕಾಗದವನ್ನು ತಾನೇ ಎಳೆದುಕೊಂಡು ಹೆಬ್ಬೆಟ್ಟು ಒತ್ತಿದಳು. ವೈದ್ಯರು ಬಂದರು. ಹೆಂಗಸರು ತೊಡಿಸಿದ್ದ ಅಂಗಿಯ ತೋಳನ್ನು ಬಿಚ್ಚಿ ಹೊರಗೆ ಹೋದರು.

*

ಗೋರಿಗೆ ಎಲ್ಲರೂ ಒಂದೊಂದು ಹಿಡಿ ಜೋಳ ಹಾಕಿದ ಮೇಲೆ ಗಂಡಸರು ಸರದಿಯಲ್ಲಿ ಮಣ್ಣೆಳೆದರು. ಎಡಬದಿಗೆ ಮೊಣಕೈಯಾಳದ ಇನ್ನೊಂದು ಕುಳಿಯಿತ್ತು. ಅದನ್ನು ಯಾರೂ ಮುಚ್ಚಲಿಲ್ಲ, ಮೇಕೆ ಕಾಲಿಡದಂತೆ ಚಪ್ಪಡಿ ಎಳೆದರು.

ಮನೆಯ ಮುಂದೆ ಕತ್ತಾಳೆ ನೀರಿನ ತೊಟ್ಟಿ ಇತ್ತು. ಪಾಲೆಸಾ ಕೈ ತೊಳೆದಳು, ಮತ್ತೊಮ್ಮೆ ತೊಳೆದಳು. ಉಪ್ಪಿಲ್ಲದೆ ಬೇಯಿಸಿದ ಮಾಂಸದ ತಟ್ಟೆ ಹಿಡಿದು ಮಪುಲೆ ಬಂದಳು.

"ತಿಂದು ಹೋಗು ಬಕೆಟ್ಟಮ್ಮ. ದೂರದ ದಾರಿ. ನಮ್ಮವನನ್ನ ಜೋಪಾನವಾಗಿ ಕರ್ಕೊಂಡು ಹೋಗು, ತಿರುವಿನಲ್ಲಿ ಕುಲುಕಬೇಡ."

"ದೊಡ್ಡಮ್ಮ, ನೀವಾದ್ರೂ ನಂಬಿ..."

"ಕೇಳಿಸ್ಕೊಂಡೆ," ಎಂದಳು ಮಪುಲೆ, ತಗ್ಗಿದ ದನಿಯಲ್ಲಿ. "ನಾನು ಕಿವುಡಿ ಅಲ್ಲ. ಈಗ ತಿನ್ನು."

ಗಂಡಸರು ಸಲಿಕೆಗಳನ್ನು ಒಂದೊಂದಾಗಿ ತೊಟ್ಟಿಯಲ್ಲಿ ಅದ್ದಿ ಉಜ್ಜುತ್ತಿದ್ದರು. ಕೊನೆಯದಕ್ಕೆ ಒಬ್ಬ ಕೈ ಹಾಕಿದಾಗ ಒಳಗಿನಿಂದ ಮಮೋಸಾಳ ದನಿ ಕೇಳಿತು: "ಅದು ಇರಲಿ ಬಿಡಪ್ಪ."

ಅವನು ಮಪುಲೆಯ ಮುಖ ನೋಡಿದ. ಮಪುಲೆ ಅವನ ಕೈಯಿಂದ ಸಲಿಕೆ ತೆಗೆದುಕೊಂಡಳು. ಅಲಗಿನ ತುಂಬ ಕೆಂಪು ಹಸಿಮಣ್ಣು ಮೆತ್ತಿತ್ತು. ಅದು ಉದುರದ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ, ಮಳೆ ತಾಗದಂತೆ ಸೂರಿನಡಿ ಗೋಡೆಗೆ ಒರಗಿಸಿಟ್ಟಳು.