ಗ್ರಂಥಾಲಯದ ಹುಲಿ

ಕರ್ಪೂರದ ವಾಸನೆ, ಗ್ರಂಥಾಲಯದ ಬಾಗಿಲಲ್ಲಿ ಕರ್ಪೂರ ಯಾಕೆ, ಹಳೇ ಪುಸ್ತಕಕ್ಕೆ ಇಟ್ಟ ನುಸಿಗುಳಿಗೆ ಇರಬೇಕು ಎಂದುಕೊಂಡು ರತ್ನ ಗಾಲಿಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ನೂಕಿಕೊಂಡಳು — ನುಸಿಗುಳಿಗೆಯಲ್ಲ, ಹುಲಿಗೆ ಮಂಗಳಾರತಿ ಆಗಿದೆ, ಗಾಲಿಕುರ್ಚಿಗೆಂದು ಕಟ್ಟಿದ ಹೊಸ ಇಳಿಜಾರಿನ ಮೇಲೆ ಬಾಲ ಕೆಳಗೆ ತಲೆ ಮೇಲೆ ಮಾಡಿ ಮಲಗಿ, ಹಿಂದಕ್ಕೆ ತಿರುಗಿ ನೋಡುವ ಹುಲಿ, ಹಣೆಗೆ ವಿಭೂತಿ, ಬಲಗಣ್ಣಿಗೆ ಯಾರೋ ಕುಂಕುಮ ಮೆತ್ತಿಬಿಟ್ಟಿದ್ದಾರೆ, ಉಳಿದದ್ದು ಒಂದೇ ಕಣ್ಣು, ಕಣ್ಣು ಹೊಡೆಯುವ ಪೋಲಿಯ ಹಾಗೆ. ಪಾಪ ಮೇಘನಾ, ಮೈಸೂರಿನಿಂದ ಬಂದ ಚಿತ್ರಗಾರ್ತಿ, ಅವಳು ಬರೆದದ್ದು ಬಿಳಿಗಿರಿರಂಗನ ಬೆಟ್ಟದ ಕಾಡುಹುಲಿ, ಪಟ್ಟೆಗಳಿಗೆ ಮರಳು ಬೆರೆಸಿದ್ದಳು, ಗಾಲಿ ಜಾರಬಾರದು ಅಕ್ಕಾ ಅಂದಿದ್ದಳು, ಇಳಿಜಾರು ಅಂದ್ರೆ ನಾಚಿಕೊಂಡು ಮೂಲೆಯಲ್ಲಿ ಕಟ್ಟೋದಲ್ಲ, ನೋಡಿದವರಿಗೆಲ್ಲ ಆಸೆ ಆಗಬೇಕು — ಆಸೆಯೇನೋ ಆಯಿತು, ಭಕ್ತಿಯೂ ಆಯಿತು, ಕೊಳ್ಳೇಗಾಲದವರ ಮುಂದೆ ಹುಲಿ ಬರೆದು ಇದು ಮಲೆ ಮಹದೇಶ್ವರನ, ನಮ್ಮ ಮಾದಪ್ಪನ, ವಾಹನವಲ್ಲ ಅಂದರೆ ಯಾರು ಕೇಳುತ್ತಾರೆ. ಕೆಳಗೆ ಚಪ್ಪಲಿಗಳ ರಾಶಿ, ಹೂ ಮಾರುವ ಶಿವಮ್ಮ ಇಳಿಜಾರಿಗೆ ಅಡ್ಡ ಕುಕ್ಕರಗಾಲಲ್ಲಿ ಕೂತಿದ್ದಾಳೆ, ತಡಿಯವ್ವ, ಮಾದಪ್ಪನ ಉಲಿ ಮ್ಯಾಲೆ ಗಾಲಿ ಅತ್ತಿಸ್ತೀಯಾ, ಪಾಪ ಸುತ್ಕತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಹಾಗಾದರೆ ಮತ್ತೆ ಮೆಟ್ಟಿಲೇ, ಮತ್ತೆ ಅಟೆಂಡರ್ ಪುಟ್ಟಮಾದಪ್ಪನೇ, ಅಗೋ ಆಗಲೇ ಟೀ ಅಂಗಡಿಯವರನ್ನೂ ಆಟೋದವನನ್ನೂ ಕೂಗುತ್ತಿದ್ದಾನೆ, ಮೂಲೆಗೊಬ್ಬರಂತೆ ಕುರ್ಚಿ ಎತ್ತುತ್ತಾರೆ, ಪ್ರತಿ ಸಲದ ಮಾತನ್ನೇ ಹೇಳುತ್ತಾನೆ, ಯಾನಕ್ಕ ತಿಂದೆ, ಈ ಪಾಟಿ ಬಾರ ಇದ್ದೀಯೆ, ಅವರು ನಗುತ್ತಾರೆ, ಇವಳೂ ನಗಬೇಕು, ಸೆರಗು ಹಿಡಿಯಲೋ ಕುರ್ಚಿ ಹಿಡಿಯಲೋ — ನಾಲ್ಕು ಜನ ಹೊರುವುದು ಸತ್ತ ಮೇಲೆ ಒಂದು ಸಲ ಸಾಕು, ಒಂದು ಕಾದಂಬರಿಗೋಸ್ಕರ ತಿಂಗಳು ತಿಂಗಳೂ ಯಾಕೆ. ರೇಷ್ಮೆ ನೂಲು ಸುತ್ತಿ ಸುತ್ತಿ ಗಟ್ಟಿಯಾದ ತೋಳು ಇವು, ರಾಟೆ ತಿರುಗಿಸುವ ಕೈಗೆ ಈ ಗಾಲಿ ಯಾವ ಲೆಕ್ಕ, ಇವತ್ತು ತಾನಾಗಿ ಒಳಗೆ ಹೋಗಬೇಕು ಅಂತಲೇ ಮದುವೆ ಮನೆಯ ಸೀರೆ ಉಟ್ಟು ಬಂದದ್ದು, ಹುಲಿ ಒಂದೇ ಕಣ್ಣಲ್ಲಿ ನೋಡುತ್ತಿದೆ, ಏನೇ ರತ್ನ, ಮಾದಪ್ಪ ಹೇಗೆ ಬಂದ ಅನ್ನೋದು ಮರೆತೆಯಾ — ಹೌದಲ್ಲ. ಸಿವಮ್ಮತ್ತೆ, ಎಂದಳು, ಮಾದಪ್ಪ ಬೆಟ್ಟಕ್ಕೆ ನಡ್ಕಂಡು ಬಂದನಾ, ಉಲಿ ಮ್ಯಾಲೆ ಕುಂತ್ಕಂಡು ತಾನೆ ಬಂದದ್ದು, ಅವನನ್ನ ಯಾರು ಎತ್ಕಂಡು ಓದ್ರು. ಶಿವಮ್ಮ ಬಾಯೊಳಗಿನ ಎಲೆಅಡಿಕೆಯನ್ನು ಕೆನ್ನೆಗೆ ಒತ್ತಿಕೊಂಡು, ಅದೂ ದಿಟವೇ ಕನ ಎಂದು ಸರಿದಳು, ಸರಿದವಳು ಸುಮ್ಮನಿರಬೇಕಲ್ಲ, ಗಾಲಿಗೆ ಕುಂಕುಮ ಹಚ್ಚಿ ಕೈಮುಗಿಯಲು ಬಂದಳು, ಇಷ್ಟು ದಿನ ಮೂಟೆ, ಇನ್ನು ಮೇಲೆ ದೇವರಾ, ಬ್ಯಾಡ ಅತ್ತೆ, ನಾನು ಪುಸ್ತಕ ತಕಳಕೆ ಬಂದೋಳು, ದಾರಿ ಬುಟ್ರೆ ಸಾಕು — ನೂಕಿದಳು, ಬಾಲ, ಸೊಂಟ, ಪಟ್ಟೆ ಪಟ್ಟೆಯೂ ಗಾಲಿಯನ್ನು ಗರಗರ ಹಿಡಿಯುತ್ತದೆ, ಜಾರುವುದಿಲ್ಲ, ತೋಳು ಉರಿಯುತ್ತದೆ, ಉರಿಯಲಿ, ಬೆನ್ನು, ಕತ್ತು, ಮೇಲೆ ಬಾಗಿಲಿಗೆ ಓಡಿಬಂದ ಪುಟ್ಟಮಾದಪ್ಪ ಎತ್ತಲು ಚಾಚಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದಾನೆ, ಏನಣ್ಣ, ಈಗ್ಲೂ ಬಾರ ಇದ್ದೀನಾ ಅಂತ ಕೇಳಬೇಕು, ಕೇಳೋಣವೆಂದರೆ ಖುಷಿಗೆ ನಗುವೇ ಉಕ್ಕುತ್ತಿದೆ, ತಲೆ ಬಗ್ಗಿಸಿದರೆ ಗಾಲಿಯ ಪಕ್ಕದಲ್ಲೇ ಹುಲಿಯ ಮುಖ, ತೆರೆದ ಕಣ್ಣು, ಕುಂಕುಮ ಮೆತ್ತಿದ ಕಣ್ಣು, ಅವಳಿಗೇ, ಅವಳೊಬ್ಬಳಿಗೇ, ಕಣ್ಣು ಹೊಡೆದು —